ಚದುರಂಗದ ಗೀಳು ಮತ್ತು ಸಮಯವೆಂಬ ಅಮಾನತ್ತು



ಕೆಡುಕುಗಳಲ್ಲಿ ಕೆಲವು ಬಾಗಿಲಲ್ಲೇ ಗುರುತು ಸಿಗುತ್ತವೆ. ಮಗನ ಚೀಲದಲ್ಲಿ ಮದ್ಯದ ಬಾಟಲಿ ಕಂಡರೆ ತಾಯಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಇನ್ನು ಕೆಲವು ಒಳ್ಳೆಯ ಹೆಸರು ಹೊತ್ತು ಬರುತ್ತವೆ. ಅವುಗಳಿಗೆ ಮನೆಯವರೇ ಮಣೆ ಹಾಕಿ ಕೂರಿಸುತ್ತಾರೆ. ಫೋನಿನಲ್ಲಿ ಆಡುವ ಚದುರಂಗದ ಗೀಳು ಈ ಎರಡನೆಯ ಬಗೆಯದು. "ಹುಡುಗ ಬೀದಿ ಸುತ್ತುವುದಿಲ್ಲ, ಕೆಟ್ಟ ಚಿತ್ರ ನೋಡುವುದಿಲ್ಲ, ಬುದ್ಧಿ ಬೆಳೆಯುವ ಆಟ ಆಡುತ್ತಾನೆ" ಎಂದು ತಂದೆ ನೆಮ್ಮದಿಯಿಂದ ಮಲಗುತ್ತಾನೆ.

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಕಡೆಯ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ತಂದೆ ರಾತ್ರಿ ಮೂರಕ್ಕೆ ಎದ್ದು ಭಟ್ಟಿಯ ಬೆಂಕಿಯ ಮುಂದೆ ನಿಲ್ಲಲು ಹೊರಡುತ್ತಾನೆ. ಅದೇ ಹೊತ್ತಿಗೆ ಕಾಲೇಜು ಓದುವ ಮಗ ಫೋನನ್ನು ದಿಂಬಿನಡಿಗೆ ಸರಿಸಿ ಕಣ್ಣು ಮುಚ್ಚುತ್ತಾನೆ. ಒಬ್ಬನ ಎಚ್ಚರ ಮತ್ತು ಇನ್ನೊಬ್ಬನ ನಿದ್ದೆ ಹೊಸ್ತಿಲಲ್ಲಿ ಎದುರಾಗುತ್ತವೆ. ಸ್ವಲ್ಪ ಹೊತ್ತಿನಲ್ಲಿ ಫಜ್ರ್‌ನ ಅಝಾನ್ ಆಗುತ್ತದೆ. ಹೊಗೆಯ ನಡುವೆ ದುಡಿಯುವವನು ಕೈಕಾಲು ತೊಳೆದು ಅಲ್ಲಾಹನ ಮುಂದೆ ನಿಲ್ಲುತ್ತಾನೆ. ಹೊದಿಕೆಯೊಳಗಿದ್ದವನಿಗೆ ಅಝಾನ್ ಕೇಳಿಸುವುದೇ ಇಲ್ಲ.

ಇದು ಹುಡುಗರ ಕಾಯಿಲೆ ಮಾತ್ರ ಎಂದು ತಿಳಿಯಬೇಡಿ. ಹರಿಹರದಿಂದ ದಾವಣಗೆರೆಗೆ ದಿನವೂ ಕೆಲಸಕ್ಕೆ ಹೋಗಿಬರುವ ಗೃಹಸ್ಥನೊಬ್ಬ ಅರ್ಧ ಗಂಟೆಯ ಹಾದಿಯಲ್ಲಿ ಒಂದೆರಡು ಆಟ ಎಂದು ಆರಂಭಿಸುತ್ತಾನೆ. ಒಂದು ಸಂಜೆ ಇಳಿಯಬೇಕಾದ ನಿಲ್ದಾಣ ಹಿಂದೆ ಬಿದ್ದು, ಬಸ್ಸು ತುಂಗಭದ್ರೆಯ ಸೇತುವೆಯ ಮೇಲಿರುವಾಗ ತಲೆಯೆತ್ತುತ್ತಾನೆ. ಮನೆಗೆ ಬಂದು ಹೆಂಡತಿ ಮಗುವಿನ ಜ್ವರದ ವಿಷಯ ಹೇಳುವಾಗ "ಹೂಂ" ಎನ್ನುತ್ತಾನೆ. ಆದರೆ ಮನಸ್ಸು ಕಳೆದುಕೊಂಡ ಆನೆಯ ಬಳಿಯೇ ಇರುತ್ತದೆ.

"ಚದುರಂಗ ಹರಾಮೋ, ಹಲಾಲೋ? ಅದನ್ನು ಮೊದಲು ಹೇಳಿ" ಎಂದು ನೀವು ಕೇಳಬಹುದು. ಈ ಆಟ ನಮ್ಮ ದೇಶದಲ್ಲೇ ಹುಟ್ಟಿ ಪಾರಸಿಕರ ಕೈ ಸೇರಿ, ಅಲ್ಲಿಂದ ಅರಬರ 'ಶತ್ರಂಜ್' ಆಯಿತು. ಅಬ್ಬಾಸೀ ಖಲೀಫರ ಬಗ್ದಾದಿನಲ್ಲಿ ಅಸ್ಸೂಲಿಯಂತಹ ನಿಪುಣರು ಇದರ ಮೇಲೆ ಗ್ರಂಥಗಳನ್ನೇ ಬರೆದರು. ನಮ್ಮ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರೂ 19ನೆಯ ಶತಮಾನದಲ್ಲಿ ಕುದುರೆಯನ್ನು 64 ಮನೆಗಳಲ್ಲಿಯೂ ಒಂದೊಂದೇ ಸಲ ನಡೆಸುವ ಚಮತ್ಕಾರಗಳನ್ನು ರಚಿಸಿದ್ದರು. ಧರ್ಮವಿದ್ವಾಂಸರಲ್ಲಿ ಮಾತ್ರ ಮೊದಲಿನಿಂದಲೂ ಭಿನ್ನಾಭಿಪ್ರಾಯವಿದೆ. ದಾವಣಗೆರೆ-ಹರಿಹರದ ನಮ್ಮಲ್ಲಿ ಹೆಚ್ಚಿನವರು ಅನುಸರಿಸುವ ಹನಫಿ ಮಝ್‌ಹಬ್ ಇದನ್ನು ಒಪ್ಪುವುದಿಲ್ಲ. ಕರಾವಳಿಯ ಸಹೋದರರಲ್ಲಿ ಬಹುಮಂದಿ ಅನುಸರಿಸುವ ಶಾಫಿಈ ಮಝ್‌ಹಬ್ ಇದನ್ನು ಹರಾಮ್ ಎನ್ನದೆ ಮಕ್ರೂಹ್ ಎನ್ನುತ್ತದೆ. ನಮ್ಮ ಕಾಲದ ಡಾ. ಯೂಸುಫುಲ್ ಕರ್ಝಾವಿಯವರು ಮೂರು ಷರತ್ತುಗಳೊಂದಿಗೆ ಅನುಮತಿಸಿದರು. ಆಟದಿಂದ ನಮಾಝ್ ತಡವಾಗಬಾರದು, ಅದರಲ್ಲಿ ಜೂಜು ಇರಬಾರದು, ಬಾಯಿಯಿಂದ ಹೊಲಸು ಮಾತು ಬರಬಾರದು. 2016ರಲ್ಲಿ ಸೌದಿಯ ಮುಖ್ಯ ಮುಫ್ತಿಯವರು ಚದುರಂಗವು ನಿಷಿದ್ಧವೆಂದರು. 2017ರ ಡಿಸೆಂಬರ್‌ನಲ್ಲಿ ಅದೇ ಸೌದಿಯ ರಿಯಾದ್‌ನಲ್ಲಿ ವಿಶ್ವ ಮಟ್ಟದ ಪಂದ್ಯಾವಳಿ ನಡೆಯಿತು!

ನಿಮ್ಮ ಊರಿನ ಆಲಿಮರಲ್ಲಿ ಕೇಳಿ ತಿಳಿದುಕೊಳ್ಳಿ. ಫತ್ವಾ ನೀಡುವುದು ಈ ಬರಹದ ಉದ್ದೇಶವಲ್ಲ. ಆದರೆ ಒಂದು ಸಂಗತಿಯನ್ನು ಗಮನಿಸಿ. ಅನುಮತಿಸಿದವರೂ ನಿಷೇಧಿಸಿದವರೂ ಒಂದು ಮಾತಿನಲ್ಲಿ ಕೂಡುತ್ತಾರೆ. ನಮಾಝನ್ನು ನುಂಗುವ ಆಟವನ್ನು ಅವರಲ್ಲಿ ಯಾರೂ ಸಮರ್ಥಿಸಲಿಲ್ಲ. ಸೂರಃ ಅಲ್‌ಮಾಇದಃದಲ್ಲಿ ಮದ್ಯ ಮತ್ತು ಜೂಜನ್ನು ನಿಷೇಧಿಸಿದಾಗ, ಶೈತಾನನು ಅವುಗಳ ಮೂಲಕ ಜನರನ್ನು ದೇವಸ್ಮರಣೆಯಿಂದಲೂ ನಮಾಝಿನಿಂದಲೂ ತಡೆಯಬಯಸುತ್ತಾನೆಂದು ಕಾರಣವನ್ನೂ ತಿಳಿಸಲಾಗಿದೆ. ಆ ಕಾರಣ ಎಲ್ಲಿ ತಲೆಯೆತ್ತಿದರೂ ಸತ್ಯವಿಶ್ವಾಸಿ ಎಚ್ಚರಗೊಳ್ಳಬೇಕಲ್ಲವೇ?

"ನಾವು ಹಣ ಕಟ್ಟಿ ಆಡುವುದಿಲ್ಲ" ಎಂದು ಯುವಕರು ಹೇಳುತ್ತಾರೆ. ನಿಜವೇ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಯನ್ನು 2025ರ ಆಗಸ್ಟ್‌ನಲ್ಲಿ ನಮ್ಮ ಸಂಸತ್ತೇ ಅಂಗೀಕರಿಸಿತು. ಆದರೆ ಪಣವಿಲ್ಲದ ಆಟ ಇದು ಎನ್ನುವುದು ಸರಿಯೇ? ಲೆಕ್ಕ ಹಾಕಿ ನೋಡಿ. ಇಬ್ಬರಿಗೂ ಮೂರು ಮೂರು ನಿಮಿಷವೆಂದರೆ ಒಂದು ಆಟಕ್ಕೆ ಹೆಚ್ಚೆಂದರೆ ಆರು ನಿಮಿಷ. ಆರು ನಿಮಿಷ ಯಾವ ಮಹಾ ಎನಿಸುತ್ತದೆ. ಹೀಗೆ ರಾತ್ರಿಗೆ ನಾಲ್ಕು ಗಂಟೆ ಹೋದರೆ ವರ್ಷಕ್ಕೆ 1,460 ಗಂಟೆ, ಅಂದರೆ ಹಗಲು ರಾತ್ರಿ ಸೇರಿ ಅರವತ್ತು ದಿನ. ಎರಡು ರಮಝಾನ್ ತಿಂಗಳುಗಳಷ್ಟು ಕಾಲ! ಪುನರುತ್ಥಾನ ದಿನದಂದು ಕೇಳಲಾಗುವ ಪ್ರಶ್ನೆಗಳ ಕುರಿತು ಪ್ರವಾದಿ ಮುಹಮ್ಮದ್(ಸ)ರು ತಿಳಿಸಿದ ವಚನ ತಿರ್ಮಿದಿಯಲ್ಲಿದೆ. ಆಯುಷ್ಯವನ್ನು ಹೇಗೆ ಕಳೆದೆ ಎಂದು ಕೇಳಿದ ಬಳಿಕ ಯೌವನವನ್ನು ಹೇಗೆ ಸವೆಸಿದೆ ಎಂದು ಬೇರೆಯಾಗಿ ಕೇಳಲಾಗುವುದು. ಯೌವನವು ಆಯುಷ್ಯದೊಳಗೇ ಸೇರಿದ್ದಲ್ಲವೇ? ಆದರೂ ಅದಕ್ಕೆ ಪ್ರತ್ಯೇಕ ಲೆಕ್ಕವಿದೆ. ಈ ಆಟದಲ್ಲಿ ಪಣವಾಗಿ ಕಟ್ಟುತ್ತಿರುವುದು ಅದನ್ನೇ. ಗೆದ್ದವನಿಗೂ ಅದು ಮರಳಿ ಸಿಗುವುದಿಲ್ಲ.

ಹಿಂದೆ ಮನೆಯ ಜಗಲಿಯಲ್ಲಿ ಹಾಸು ಬಿಡಿಸಿ ಆಡುವಾಗ ಎದುರಿಗೊಬ್ಬ ಮನುಷ್ಯನಿರುತ್ತಿದ್ದ. ಅವನಿಗೆ ಹಸಿವಾಗುತ್ತಿತ್ತು, ಮನೆಯಿಂದ ಕರೆ ಬರುತ್ತಿತ್ತು, ಮಗ್ರಿಬ್‌ಗೆ ಇಬ್ಬರೂ ಎದ್ದು ಹೋಗುತ್ತಿದ್ದರು. ಕಾಯಿಗಳು ಹಾಗೆಯೇ ಕಾದಿರುತ್ತಿದ್ದವು. ಫೋನಿನ ಚದುರಂಗದಲ್ಲಿ ಎದುರಾಳಿ ಎದ್ದುಹೋಗುವುದೇ ಇಲ್ಲ. ಒಬ್ಬ ಹೋದರೆ ಭೂಮಿಯ ಇನ್ನೊಂದು ಮೂಲೆಯಲ್ಲಿ ಎಚ್ಚರವಿರುವ ಮತ್ತೊಬ್ಬ ಕೆಲವೇ ಕ್ಷಣಗಳಲ್ಲಿ ಸಿದ್ಧನಾಗುತ್ತಾನೆ. ಇಂತಹ ಒಂದು ಪ್ರಸಿದ್ಧ ಜಾಲತಾಣದ ಸದಸ್ಯರ ಸಂಖ್ಯೆ 2022ರ ಡಿಸೆಂಬರ್‌ನಲ್ಲೇ ಹತ್ತು ಕೋಟಿ ಮುಟ್ಟಿತು. ಅದರ ಮೇಲೆ ಪ್ರತಿಯೊಬ್ಬನ ಹೆಸರಿನ ಮುಂದೆ ಅಂಕವೊಂದಿರುತ್ತದೆ. ಗೆದ್ದರೆ ಕೆಲವು ಅಂಕ ಏರುತ್ತದೆ, ಸೋತರೆ ಇಳಿಯುತ್ತದೆ. ಏರಿದರೆ ಇನ್ನಷ್ಟು ಏರಿಸುವ ಆಸೆ, ಇಳಿದರೆ ಕಳೆದದ್ದನ್ನು ಮರಳಿ ಪಡೆಯುವ ಹಠ. ಜೂಜುಕೋರನ ಮನಸ್ಸು ತಿರುಗುವುದು ಇದೇ ಗಾಣದಲ್ಲಿ. ವ್ಯತ್ಯಾಸ ನಾಣ್ಯದ್ದು ಮಾತ್ರ.

ಇಶಾದ ಅಝಾನ್ ಆಗುವಾಗ ಆಟ ಅರ್ಧದಲ್ಲಿದೆ ಎಂದಿಟ್ಟುಕೊಳ್ಳಿ. ಗಡಿಯಾರ ನಿಲ್ಲಿಸುವಂತಿಲ್ಲ. ಎದ್ದುಹೋದರೆ ಸೋಲು, ಅಂಕ ನಷ್ಟ. ನಮಾಝ್‌ಗಾದರೋ ಇನ್ನೂ ಸಮಯವಿದೆ. ಆಗ ಬಾಗುವುದು ಯಾವುದು? ನಿಲ್ಲಿಸಲಾಗದ ಗಡಿಯಾರಕ್ಕೆ ನಾವು ಹೆದರುತ್ತೇವೆ, ಕರುಣೆಯಿಂದ ಅವಕಾಶ ಕೊಟ್ಟ ಒಡೆಯನನ್ನು ಕಾಯಿಸುತ್ತೇವೆ. ಕೊನೆಗೆ ಮಸೀದಿಗೆ ಬಂದರೂ ಬಂದಿರುವುದು ದೇಹ ಮಾತ್ರ. ನೆಲದ ಟೈಲ್ಸ್ ಚೌಕಗಳ ಮೇಲೆ ಕುದುರೆ ಎರಡೂವರೆ ಮನೆ ಹಾರುತ್ತಿರುತ್ತದೆ. ಇಮಾಮರು ಸಲಾಮ್ ಹೇಳುವ ವೇಳೆಗೆ ಸೋತ ಆಟ ತಲೆಯೊಳಗೆ ಗೆದ್ದು ಮುಗಿದಿರುತ್ತದೆ.

"ಗುಕೇಶ್ 18ನೆಯ ವಯಸ್ಸಿನಲ್ಲೇ ವಿಶ್ವ ಚಾಂಪಿಯನ್ ಆಗಲಿಲ್ಲವೇ?" ಎಂಬ ಉತ್ತರ ಸಿದ್ಧವಿರುತ್ತದೆ. 2024ರ ಡಿಸೆಂಬರ್‌ನಲ್ಲಿ ಸಿಂಗಪುರದಲ್ಲಿ ಆ ಹುಡುಗ ಪ್ರಶಸ್ತಿ ಗೆದ್ದದ್ದು ಗುರುವಿನ ಕೈಕೆಳಗೆ ವರ್ಷಗಟ್ಟಲೆ ಶಿಸ್ತಿನಿಂದ ಕಲಿತು. ಹೊದಿಕೆಯೊಳಗೆ ಒಂದರ ಮೇಲೊಂದು ಮೂರು ನಿಮಿಷದ ಆಟ ಆಡುವುದಕ್ಕೂ ಆ ಸಾಧನೆಗೂ ಸಂಬಂಧವಿಲ್ಲ.

ಈ ಆಟದ ಶಿಖರ ಮುಟ್ಟಿದ ಮುಸ್ಲಿಮ್ ಒಬ್ಬರ ಜೀವನವನ್ನು ನಮ್ಮ ಯುವಕರು ತಿಳಿಯಬೇಕು. ಅವಿಭಜಿತ ಪಂಜಾಬಿನ ಮೀರ್ ಸುಲ್ತಾನ್ ಖಾನ್, ಸರ್ ಉಮರ್ ಹಯಾತ್ ಖಾನ್ ಎಂಬ ಜಮೀನುದಾರರ ಆಶ್ರಯದಲ್ಲಿದ್ದವರು. ಅವರೊಡನೆ ಇಂಗ್ಲೆಂಡಿಗೆ ಹೋಗಿ 1929, 1932 ಮತ್ತು 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. ವಿಶ್ವ ಚಾಂಪಿಯನ್ ಆಗಿದ್ದ ಕ್ಯಾಪಾಬ್ಲಾಂಕಾರನ್ನೂ ಸೋಲಿಸಿದರು. 1933ರಲ್ಲಿ ಊರಿಗೆ ಮರಳಿದ ಮೇಲೆ ಸ್ಪರ್ಧೆಗಳಿಂದ ದೂರವಾಗಿ, 1966ರಲ್ಲಿ ತೀರಿಕೊಳ್ಳುವ ತನಕ ತಮ್ಮ ನೆಲದಲ್ಲೇ ಬಾಳಿದರು. ತಂದೆ ತಮಗೆ ಚದುರಂಗ ಕಲಿಸಲಿಲ್ಲ, ಬದುಕಿನಲ್ಲಿ ಇದಕ್ಕಿಂತ ಉಪಯುಕ್ತವಾದುದನ್ನು ಮಾಡಿರೆಂದರು ಎಂದು ಅವರ ಹಿರಿಯ ಮಗ ನೆನಪಿಸಿಕೊಂಡಿದ್ದಾರೆ. 2024ರಲ್ಲಿ ವಿಶ್ವ ಚದುರಂಗ ಸಂಸ್ಥೆ ಅವರಿಗೆ ಮರಣೋತ್ತರವಾಗಿ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ನೀಡಿತು. ಅವರಿಗೆ ಅದರ ಅಗತ್ಯವಿತ್ತೆಂದು ನನಗನಿಸುವುದಿಲ್ಲ.

ಹೆತ್ತವರೇ, ಫೋನನ್ನು ಗೋಡೆಗೆ ಎಸೆದು ಮಗನನ್ನು ಕಳೆದುಕೊಳ್ಳಬೇಡಿ. ಬೈಗುಳಕ್ಕೆ ಅವನು ಮರೆಯಲ್ಲಿ ಆಡಲು ಕಲಿಯುತ್ತಾನೆ, ಅಷ್ಟೇ. ಪಕ್ಕದಲ್ಲಿ ಕುಳಿತು ಕೇಳಿ, ಎಷ್ಟು ಅಂಕವಾಯಿತು, ಎಷ್ಟು ರಾತ್ರಿ ಹೋಯಿತು ಎಂದು. ಲೆಕ್ಕ ಅವನ ಬಾಯಿಂದಲೇ ಬರಲಿ. ತಪ್ಪಿಹೋದ ನಮಾಝ್‌ಗಳನ್ನು ದಿನಕ್ಕಿಷ್ಟೆಂದು ತೀರಿಸಲು ಅವನೊಡನೆ ನೀವೂ ಚಾಪೆ ಹಾಸಿ. ಫಜ್ರ್‌ಗೆ ಕೂಗಿ ಎಬ್ಬಿಸುವ ಬದಲು ಕೈ ಹಿಡಿದು ಕರೆದುಕೊಂಡು ಹೋಗಿ. ಇಶಾದ ನಂತರದ ಹರಟೆಯನ್ನು ಪ್ರವಾದಿ(ಸ)ರು ಇಷ್ಟಪಡುತ್ತಿರಲಿಲ್ಲವೆಂದು ಹದೀಸ್‌ಗಳಲ್ಲಿದೆ. ಆದ್ದರಿಂದ ಇಶಾ ಮುಗಿದ ಮೇಲೆ ಮನೆಯ ಫೋನುಗಳೆಲ್ಲ ಅಡುಗೆಮನೆಯ ಗೂಡಿನಲ್ಲಿರಲಿ. ಮೊದಲು ತಂದೆಯದು, ಆಮೇಲೆ ಮಗನದು.