ಬುಶಿಂಗ್ ಬದಲಿಸುವುದೂ ಕಾಯಕವೇ?

2025ರ ಜನವರಿ 1ರಿಂದ ಟೆಕ್ಸಾಸ್‌ನಲ್ಲಿ ಖಾಸಗಿ ವಾಹನಗಳ ವಾರ್ಷಿಕ ಸುರಕ್ಷತಾ ತಪಾಸಣೆ ರದ್ದಾಯಿತು. ಡಾಲಸ್, ಹ್ಯೂಸ್ಟನ್, ಆಸ್ಟಿನ್‌ಗಳಲ್ಲಿ ಹೊಗೆ ಪರೀಕ್ಷೆ ಉಳಿದಿದೆ. ಬ್ರೇಕು, ಸ್ಟೀರಿಂಗು ಸರಿಯಿವೆಯೇ ಎಂದು ಸರ್ಕಾರ ಪ್ರತಿವರ್ಷ ಕೇಳುವುದಿಲ್ಲ. ಹಾಗಾದರೆ ಕೇಳಬೇಕಾದವರು ಯಾರು?

ಗಾಡಿಯ ಒಡೆಯನೇ ತನ್ನನ್ನು ಕೇಳಿಕೊಳ್ಳಬೇಕು ಎಂದಾದರೆ, ಇದು ಧರ್ಮದ ಪ್ರಶ್ನೆಯೇ. ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ದ 2018ರ ವಿಶ್ವ ಕನ್ನಡ ಸಮ್ಮೇಳನ ನಡೆದ ಡಾಲಸ್‌ನಲ್ಲಾಗಲಿ, ಉಳಿದೆರಡು ನಗರಗಳ ಕನ್ನಡ ಮನೆಗಳಲ್ಲಾಗಲಿ, ದುಡಿಮೆಯೇ ಪೂಜೆ ಎನ್ನುವ ಶರಣರ ಕಾಯಕ ತತ್ತ್ವ ಅಪರಿಚಿತವಲ್ಲ. 12ನೇ ಶತಮಾನದ ಶರಣ ನುಲಿಯ ಚಂದಯ್ಯ ಹಗ್ಗ ಹೊಸೆದು ಬದುಕಿದವನು. ಹಗ್ಗಕ್ಕಾಗಿ ಹುಲ್ಲು ಕೊಯ್ಯುವಾಗ ಮೈಮೇಲಿನ ಇಷ್ಟಲಿಂಗ ಜಾರಿ ಬಿದ್ದರೂ ಆತ ಕೆಲಸ ನಿಲ್ಲಿಸಲಿಲ್ಲ ಎನ್ನುತ್ತದೆ ಕಥೆ.

ಆದರೆ ಸಂಬಳದ ಸಾಫ್ಟ್‌ವೇರ್ ಎಂಜಿನಿಯರ್ ರಜೆಯಲ್ಲಿ ರಿಪೇರಿಗೆಂದು ತನ್ನ ಜೀಪಿನಡಿ ಮಲಗಿದರೆ ಅದು ಕಾಯಕವೋ, ಹವ್ಯಾಸವೋ?

ಉತ್ತರ ಒಂದು ಬೋಲ್ಟಿನಲ್ಲಿದೆ. ಆಸ್ಟಿನ್‌ನ ಪಶ್ಚಿಮದ ಕಲ್ಲುಹಾದಿಗಳಲ್ಲಿ ಓಡಿದ ಜೀಪ್ ರ‍್ಯಾಂಗ್ಲರ್‌ನಲ್ಲಿ, ಆಕ್ಸಲನ್ನು ಚೌಕಟ್ಟಿಗೆ ಜೋಡಿಸುವ ಕಂಟ್ರೋಲ್ ಆರ್ಮ್ ತುದಿಯ ರಬ್ಬರ್ ಬುಶಿಂಗ್ ಸೀಳಿರುತ್ತದೆ. ಹೊಸದನ್ನು ಕೂರಿಸಿ, ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗಲೇ ಬೋಲ್ಟ್ ಬಿಗಿದರೆ ಕೆಲಸ ಬೇಗ ಮುಗಿಯುತ್ತದೆ. ಆದರೆ ಗಾಡಿ ನೆಲಕ್ಕಿಳಿದೊಡನೆ ರಬ್ಬರ್ ತಿರುಚಿಕೊಂಡು, ಬೇಗನೆ ಹರಿಯುತ್ತದೆ. ಪೂರ್ತಿ ಭಾರ ಚಕ್ರದ ಮೇಲೆ ಬಿದ್ದ ಮೇಲೆಯೇ ಟಾರ್ಕ್ ರೆಂಚಿನಿಂದ ಕೊನೆಯ ಬಿಗಿತ ಕೊಡಬೇಕು. ಹೊರಗಿನಿಂದ ನೋಡಿದರೆ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಯಾರೂ ನೋಡದ ಆ ಕಡೆಯ ಸುತ್ತಿನಲ್ಲೇ ಹವ್ಯಾಸ ಕಾಯಕವಾಗುತ್ತದೆ, ಏಕೆಂದರೆ ಹೆದ್ದಾರಿಯಲ್ಲಿ ಪಕ್ಕದ ಕಾರಿನವರ ಜೀವವೂ ಅದಕ್ಕೆ ಸೇರಿದೆ.

ಈ ಕೆಲಸ ಕಲಿಯಲು ಹೊರಟವರು ಮೊದಲು ಗಟ್ಟಿ ಜ್ಯಾಕ್ ಸ್ಟ್ಯಾಂಡ್ ಕೊಳ್ಳಿ. ಬರೀ ಜ್ಯಾಕ್ ನಂಬಿ ಗಾಡಿಯಡಿ ಹೋಗಲೇಬೇಡಿ.