ಕಣಜ ತುಂಬಿದಾಗಿನ ವಿವೇಕ

ಎಲೆ ಹಣ್ಣಾಗಿ ಉದುರುವುದನ್ನು ಕಂಡೊಡನೆ ಮುಪ್ಪು, ಸಾವು, ವೈರಾಗ್ಯಗಳನ್ನು ನೆನೆಯುವುದು ಹಳೆಯ ರೂಢಿ. ಲಡಾಖಿನ ಶರತ್ಕಾಲದ ಮುಂದೆ ಈ ರೂಢಿ ನಿಲ್ಲುವುದಿಲ್ಲ. ಸುಮಾರು 3,500 ಮೀಟರ್ ಎತ್ತರದಲ್ಲಿರುವ ಲೇಹ್‌ನಲ್ಲಿ ವರ್ಷವಿಡೀ ಬೀಳುವ ಮಳೆ, ಹಿಮ ಎಲ್ಲ ಸೇರಿದರೂ ಸುಮಾರು 100 ಮಿಲಿಮೀಟರ್. ಮುಂಗಾರಿನ ಮೋಡಗಳನ್ನು ಹಿಮಾಲಯದ ಸಾಲು ದಕ್ಷಿಣದಲ್ಲೇ ತಡೆಯುತ್ತದೆ. ಬೇಸಾಯವೆಲ್ಲ ಬೆಟ್ಟದ ಮೇಲಿನ ಹಿಮ ಕರಗಿ ಕಾಲುವೆಗಿಳಿದ ನೀರಿನದು. ಪಾಪ್ಲರ್, ವಿಲೋ ಮರಗಳು ಹಳದಿಗೆ ತಿರುಗುವ ಹೊತ್ತಿಗೆ ಜವೆಗೋಧಿ ಕಣ ಸೇರಿರುತ್ತದೆ, ಜರ್ದಾಲು ಒಣಗಿರುತ್ತದೆ, ದನಕುರಿಗಳು ಎತ್ತರದ ಹುಲ್ಲುಗಾವಲಿನಿಂದ ಇಳಿಯುತ್ತಿರುತ್ತವೆ. ವರ್ಷದಲ್ಲಿ ಮನೆ ತುಂಬಿರುವ ಕಾಲವೆಂದರೆ ಇದೇ. ಅಳಿವಿನ ಮಾತಾಡುವವನು ದಾರಿಹೋಕ. ಮನೆಯವನಿಗೆ ಇದು ಲೆಕ್ಕದ ಕಾಲ.

ಲೆಕ್ಕ ಸರಳ, ಆದರೆ ಕಠಿಣ. ಇನ್ನು ತಿಂಗಳುಗಟ್ಟಲೆ ನೆಲ ಏನನ್ನೂ ಕೊಡದು. ಮಾಳಿಗೆಯ ಮೇಲೆ ಒಣಹುಲ್ಲು, ಕುದುರೆಮಸಾಲೆ ಸೊಪ್ಪು, ಬೆರಣಿ ಒಟ್ಟಬೇಕು. ಆಲೂಗಡ್ಡೆ, ಗಜ್ಜರಿಗಳನ್ನು ಹೆಪ್ಪುಗಟ್ಟದಂತೆ ಗುಂಡಿಯಲ್ಲಿ ಹೂಳಬೇಕು. ಇರುವ ಮೇವಿನಲ್ಲಿ ಎಷ್ಟು ಪ್ರಾಣಿಗಳು ಚಳಿಗಾಲ ದಾಟಬಲ್ಲವು ಎಂಬುದನ್ನು ಈಗಲೇ ತೀರ್ಮಾನಿಸಬೇಕು; ಮಿಕ್ಕವನ್ನು ಮಾರಬೇಕು, ಇಲ್ಲವೇ ಕಡಿದು ಮಾಂಸ ಒಣಗಿಸಬೇಕು. ಹಸಿವಿನ ಅರಿವು ಹಸಿದವನಿಗೆ ತಾನಾಗಿ ಬರುತ್ತದೆ. ಉಂಡು ಕುಳಿತವನು ನಾಳೆಯ ಹಸಿವನ್ನು ಇಂದೇ ನಂಬಬೇಕಾದರೆ ಬುದ್ಧಿ ದುಡಿಯಬೇಕು. ಈ ಋತು ಮನುಷ್ಯನಿಂದ ಬೇಡುವುದು ಆ ದುಡಿಮೆಯನ್ನೇ.

ಇಲ್ಲೊಂದು ಆಕ್ಷೇಪ ಏಳುತ್ತದೆ. ಬೇರೆ ದಾರಿಯೇ ಇಲ್ಲದವನು ಮಿತವಾಗಿ ಬದುಕಿದರೆ ಅದು ವಿವೇಕ ಹೇಗಾದೀತು? ಅದು ಬರೀ ನಿರ್ಬಂಧ. ಆಕ್ಷೇಪಕ್ಕೆ ಬಲವಿದೆ. ಲಡಾಖನ್ನು ಹೊರಜಗತ್ತಿಗೆ ಜೋಡಿಸುವ ಜೋಜಿ ಲಾ ಕಣಿವೆದಾರಿ ಹಿಮದಿಂದ ಮುಚ್ಚಿದರೆ ರೋಗಿಗೆ ಔಷಧಿ ತಲುಪುವುದೂ ಕಷ್ಟವಾಗುತ್ತಿತ್ತು. 1960ರ ದಶಕದಲ್ಲಿ ಬಂದ ಮೋಟಾರು ರಸ್ತೆ, ಆಮೇಲಿನ ಪಡಿತರದ ಅಕ್ಕಿ, ವಿಮಾನ, ಇವೆಲ್ಲ ಆ ನಿರ್ಬಂಧವನ್ನು ಸಡಿಲಿಸುತ್ತ ಬಂದಿವೆ; ಆ ಕಣಿವೆದಾರಿಯಡಿ ಕಟ್ಟುತ್ತಿರುವ ಸುಮಾರು 13 ಕಿಲೋಮೀಟರಿನ ಸುರಂಗ ಅದನ್ನು ಇನ್ನಷ್ಟು ಸಡಿಲಿಸಲಿದೆ. ನಮ್ಮ ಕಣ್ಣಿಗೆ ಸರಳ ಜೀವನದ ಮಾದರಿಯಾಗಿ ಉಳಿಯಲೆಂದು ಲಡಾಖಿಗಳು ಕಷ್ಟದಲ್ಲೇ ಇರಲಿ ಎಂದು ಬಯಸುವ ಹಕ್ಕು ಯಾರಿಗೂ ಇಲ್ಲ. ಕೊರತೆಯನ್ನು ಹೊಗಳುವುದು ಹೊಟ್ಟೆ ತುಂಬಿದವರ ಚಟ.

ಆದರೆ ರಸ್ತೆ ಅಕ್ಕಿಯನ್ನು ತರಬಹುದು, ಹಿಮನದಿಯನ್ನು ತರಲಾರದು. ಅಲ್ಲಿ ಬಿತ್ತನೆ ಏಪ್ರಿಲ್, ಮೇ ತಿಂಗಳಲ್ಲಿ. ಎತ್ತರದ ಹಿಮ ಚೆನ್ನಾಗಿ ಕರಗುವುದು ಜೂನ್ ಬಂದ ಮೇಲೆ. ಬೇಕಾದಾಗ ನೀರಿಲ್ಲ. ಕೊಯ್ಲು ಮುಗಿದ ಮೇಲೆ ಶರತ್ಕಾಲದಲ್ಲಿ ಹರಿಯುವ ತೊರೆಯ ನೀರನ್ನು ಕೇಳುವವರೇ ಇಲ್ಲ. ಈ ವ್ಯರ್ಥವನ್ನು ಗಮನಿಸಿದವರು ಎಂಜಿನಿಯರ್ ಚೆವಾಂಗ್ ನೋರ್ಫೆಲ್. 1987ರಿಂದ ಅವರು ಊರಿನ ಮೇಲ್ಭಾಗದ ನೆರಳಿನ ಇಳಿಜಾರಿಗೆ ನೀರು ತಿರುಗಿಸಿ, ಕಲ್ಲಿನ ಒಡ್ಡು ಕಟ್ಟಿಸಿ, ಅಲ್ಲೇ ಹೆಪ್ಪುಗಟ್ಟಿಸತೊಡಗಿದರು. 2013-14ರ ಚಳಿಗಾಲದಲ್ಲಿ ಲಡಾಖಿನ ಇನ್ನೊಬ್ಬ ಎಂಜಿನಿಯರ್ ಸೋನಮ್ ವಾಂಗ್ಚುಕ್ ಎತ್ತರದಿಂದ ಕೊಳವೆಯಲ್ಲಿ ನೀರಿಳಿಸಿ, ಕೊರೆಯುವ ಗಾಳಿಗೆ ಚಿಮ್ಮಿಸಿ, ಮಂಜುಗಡ್ಡೆಯ ಸ್ತೂಪ ಕಟ್ಟಿದರು. ಶಂಕುವಿನ ಆಕಾರದ ಗಡ್ಡೆಗೆ ಬಿಸಿಲು ತಾಗುವ ಮೈ ಕಡಿಮೆ. ಹಾಗಾಗಿ ಅದು ಬಿತ್ತನೆಯ ಕಾಲದವರೆಗೂ ಬಾಳುತ್ತದೆ.

ಆಕ್ಷೇಪಕ್ಕೆ ಉತ್ತರ ಇಲ್ಲಿದೆ. ಇವರಿಬ್ಬರು ಈ ಕೆಲಸಕ್ಕೆ ಕೈಹಾಕಿದಾಗ ಊರಿಗೆ ರಸ್ತೆ ಬಂದಾಗಿತ್ತು, ಅಂಗಡಿಯಲ್ಲಿ ಅಕ್ಕಿಯೂ ಇತ್ತು. ಹಸಿವಿನ ಬೆದರಿಕೆ ಬೆನ್ನ ಹಿಂದಿರಲಿಲ್ಲ. ಕಾಳು ಕೂಡಿಡುತ್ತಿದ್ದ ಋತುವಿನಲ್ಲಿ ನೀರನ್ನು ಕೂಡಿಡಬಹುದೆಂದು ತಿಳಿದದ್ದು ಯೋಚನೆಯಿಂದ. ನಿರ್ಬಂಧದಲ್ಲಿ ಕಲಿತದ್ದು ನಿರ್ಬಂಧ ಹೋದ ಮೇಲೂ ಉಳಿದರೆ ಅದನ್ನು ವಿವೇಕ ಎನ್ನಲು ಅಡ್ಡಿಯಿಲ್ಲ. ಹಾಗೆಂದು ಇದನ್ನು ಪವಾಡ ಮಾಡಬೇಕಿಲ್ಲ. ಸ್ತೂಪ ಒಂದು ಹನಿಯನ್ನೂ ಹೊಸದಾಗಿ ಹುಟ್ಟಿಸದು, ಶರತ್ಕಾಲದ ನೀರನ್ನು ವಸಂತಕ್ಕೆ ದಾಟಿಸುತ್ತದೆ, ಅಷ್ಟೆ. ಮೇಲಿನ ಹಿಮನದಿಗಳೇ ಸೊರಗುತ್ತಿರುವಾಗ ದಾಟಿಸಲು ಉಳಿಯುವುದೂ ಕಡಿಮೆ.

ಇತ್ತ ಆ ನೀರನ್ನು ಬಳಸುವವರೂ ಹೆಚ್ಚಿದ್ದಾರೆ. 2011ರ ಜನಗಣತಿಯಂತೆ ಲಡಾಖಿನ ಜನಸಂಖ್ಯೆ ಸುಮಾರು 2.74 ಲಕ್ಷ. ಈಚಿನ ಕೆಲವು ವರ್ಷಗಳಲ್ಲಿ ಅದಕ್ಕಿಂತ ಹೆಚ್ಚು ಪ್ರವಾಸಿಗರು ಒಂದೇ ವರ್ಷದಲ್ಲಿ ಬಂದುಹೋಗಿದ್ದಾರೆ. ನೀರೇ ಬೇಡದ ಒಣ ಪಾಯಿಖಾನೆಯ ಊರಿನಲ್ಲಿ ಅವರಿಗಾಗಿ ಕೊಳವೆಬಾವಿ ಕೊರೆದಿದ್ದಾರೆ, ಫ್ಲಶ್ ಕೂಡಿಸಿದ್ದಾರೆ. ಊರವರ ಲೆಕ್ಕ ಎಷ್ಟೇ ಬಿಗಿಯಾಗಿದ್ದರೂ ಬಂದವರು ಲೆಕ್ಕವಿಡದಿದ್ದರೆ ಅದು ತಪ್ಪುತ್ತದೆ. ಅಕ್ಟೋಬರಿನ ಬಣ್ಣ ನೋಡಲು ಲೇಹ್‌ಗೆ ಹೊರಟವರು ಎಲೆಗಳ ಚಿತ್ರ ತೆಗೆಯಲಿ, ತಪ್ಪಿಲ್ಲ. ಜೊತೆಗೆ ತಾವು ಬಳಸುವ ಬಕೆಟ್ ನೀರೂ ಆ ಊರಿನ ಉಳಿತಾಯದಿಂದಲೇ ಖರ್ಚಾಗುತ್ತದೆಂದು ತಿಳಿದು, ಕೈ ಬಿಗಿ ಹಿಡಿದು ಬಳಸಲಿ.