ಉಗ್ರಾಣದವನ ಪಾಲು

ಯುದ್ಧದಲ್ಲಿ ಗುಂಡು ಹೊಡೆದವನಿಗೆ ಪಾಪ ತಟ್ಟುತ್ತದೋ ಇಲ್ಲವೋ ಎಂಬುದನ್ನು ನಮ್ಮ ಹಿರಿಯರು ಬೇಕಾದಷ್ಟು ಚರ್ಚಿಸಿದ್ದಾರೆ. ಅವನಿಗೆ ಅನ್ನ ಬೇಯಿಸಲು ಅಕ್ಕಿ ತೂಗಿದವನ, ಅವನ ಹಡಗಿಗೆ ಎಣ್ಣೆ ತರಿಸಿದವನ, ಬೂಟು ಕೊಟ್ಟು ಸಹಿ ಹಾಕಿಸಿಕೊಂಡವನ ಪಾಲೆಷ್ಟು ಎಂದು ಕೇಳಿದವರು ಕಡಿಮೆ. ನೌಕಾಪಡೆಯ ಲಾಜಿಸ್ಟಿಕ್ಸ್ ಶಾಖೆಯಲ್ಲಿ ಅಧಿಕಾರಿಯಾಗಿ ದುಡಿದು, ನಿವೃತ್ತನಾಗಿ ಮಂಡ್ಯ ಜಿಲ್ಲೆಯ ತೊಣ್ಣೂರಿನ ನಮ್ಮ ಜಮೀನಿಗೆ ಮರಳಿದ ಮೇಲೆ ಈ ಪ್ರಶ್ನೆ ನನ್ನನ್ನು ಬಿಡದೆ ಹಿಡಿದಿದೆ. ನಂಬಿನಾರಾಯಣಸ್ವಾಮಿ ಗುಡಿಯ ಹತ್ತಿರ ಮಾತಿಗೆ ಸಿಕ್ಕ ನನ್ನ ಸೋದರಮಾವ ಒಮ್ಮೆ ಹೇಳಿದರು: “ನೀನೇನು ಗುಂಡು ಹೊಡ್ದೋನಲ್ವಲ್ಲಪ್ಪ. ಅಕ್ಕಿ ಬೇಳೆ ಲೆಕ್ಕ ಬರ್ದೋನು. ನಿಂಗ್ಯಾವ ಪಾಪ ಬಂದಾತು?” ಪ್ರೀತಿಯಿಂದಲೇ ಅಂದ ಮಾತು. ಆದರೆ ಆ ಮಾತಿನಲ್ಲಿ ನನ್ನ ಇಡೀ ಬದುಕಿನ ಕೆಲಸ ಯುದ್ಧದ ಹೊರಗೆ ನಿಂತುಬಿಟ್ಟಿತು. ಅದು ಹೊರಗಿರಲಿಲ್ಲ.

ಸಮುದ್ರದಲ್ಲಿ ಅಂಗಡಿಯಿಲ್ಲ. ಹಡಗು ದಕ್ಕೆ ಬಿಟ್ಟು ಹೊರಟಿತೆಂದರೆ ಉಪ್ಪಿನಿಂದ ಹಿಡಿದು ಪಂಪಿನ ವಾಷರ್‌ವರೆಗೆ ಒಳಗೆ ಏನಿದೆಯೋ ಅಷ್ಟೇ. ಆ ‘ಏನಿದೆಯೋ ಅಷ್ಟು’ ಎಂಬುದಕ್ಕೆ ಹೊಣೆಗಾರ ಲಾಜಿಸ್ಟಿಕ್ಸ್ ಅಧಿಕಾರಿ. ಮುಂಬೈ ಮಲಾಡಿನ ಐಎನ್‌ಎಸ್ ಹಮ್ಲಾದಲ್ಲಿ ನಮಗೆ ಈ ವಿದ್ಯೆ ಕಲಿಸುತ್ತಾರೆ. ಹಡಗಿನಲ್ಲಿ ನಮ್ಮನ್ನು ‘ಪಸ್ಸರ್’ ಎನ್ನುತ್ತಾರೆ. ರೇಷನ್, ಬಟ್ಟೆಬರೆ, ಬಿಡಿಭಾಗ, ಸಂಬಳ, ಇಂಧನದ ಲೆಕ್ಕ ಎಲ್ಲವೂ ನಮ್ಮ ತಲೆಯ ಮೇಲೆ. ಮದ್ದುಗುಂಡಿನ ಡಿಪೋ ಮಾತ್ರ ಬೇರೆ ಇಲಾಖೆಗೆ ಸೇರಿದ್ದು. ಆದ್ದರಿಂದ ಮಾವನ ಮಾತನ್ನು ಇನ್ನೂ ಬಲಪಡಿಸಬಹುದಿತ್ತು: ಹೊಡೆಯುವುದಿರಲಿ, ಹೊಡೆಯುವ ವಸ್ತುವನ್ನೂ ನಾನು ಮುಟ್ಟಿದವನಲ್ಲ. ಆದರೆ ಕ್ಷಿಪಣಿ ಹಾರಬೇಕಾದರೆ ಹಡಗು ಅಲ್ಲಿಗೆ ತಲುಪಬೇಕು, ಜನರೇಟರ್ ಓಡಬೇಕು, ಆಪರೇಟರ್ ಹೊಟ್ಟೆಗೆ ಊಟ ಬಿದ್ದಿರಬೇಕು. ಒಂದು ರಬ್ಬರ್ ಉಂಗುರ ಸಿಗದೆ ಹಡಗಿನ ಯಂತ್ರ ನಿಂತದ್ದನ್ನೂ, ಅದು ಸಿಕ್ಕ ಮಧ್ಯಾಹ್ನವೇ ಹಡಗು ಹೊರಟದ್ದನ್ನೂ ನಾನು ಕಣ್ಣಾರೆ ಕಂಡವನು.

ನಡುಗಡಲಿನಲ್ಲಿ ಎಣ್ಣೆ ತುಂಬಿಸುವುದನ್ನು ನೋಡದವರಿಗೆ ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಜ್ಯೋತಿ, ಆದಿತ್ಯ, ದೀಪಕ್, ಶಕ್ತಿ ಎಂಬವು ನಮ್ಮ ಟ್ಯಾಂಕರ್ ಹಡಗುಗಳ ಹೆಸರು. ಹೆಸರಿಟ್ಟವರಿಗೆ ಈ ಕೆಲಸದ ಬೆಲೆ ಗೊತ್ತಿತ್ತು ಎಂದೇ ನನ್ನ ನಂಬಿಕೆ. ಟ್ಯಾಂಕರ್ ಒಂದೇ ದಿಕ್ಕು ಹಿಡಿದು, ವೇಗ ಬದಲಿಸದೆ ಸಾಗುತ್ತದೆ. ಯುದ್ಧನೌಕೆ ಹಿಂದಿನಿಂದ ಬಂದು ಅದರ ಪಕ್ಕಕ್ಕೆ, ಊರ ತೇರುಬೀದಿಯಷ್ಟು ಅಂತರದಲ್ಲಿ, ಸರಿಸಮವಾಗಿ ಓಡತೊಡಗುತ್ತದೆ. ಬಂದೂಕಿನಂಥ ಸಾಧನದಿಂದ ತೆಳುವಾದ ದಾರವೊಂದನ್ನು ಈ ಕಡೆಯಿಂದ ಆ ಕಡೆಗೆ ಹಾರಿಸುತ್ತಾರೆ. ದಾರದ ಹಿಂದೆ ಹಗ್ಗ, ಹಗ್ಗದ ಹಿಂದೆ ಉಕ್ಕಿನ ತಂತಿ, ತಂತಿಗೆ ತೂಗುಬಿದ್ದ ದಪ್ಪ ಹೋಸು. ಎರಡು ಹಡಗುಗಳ ನಡುವೆ ಸಿಕ್ಕಿಕೊಂಡ ನೀರು ಕುದಿದಂತೆ ಮೇಲೇಳುತ್ತದೆ, ಒಂದನ್ನೊಂದು ಹತ್ತಿರಕ್ಕೆಳೆಯುತ್ತದೆ. ಚುಕ್ಕಾಣಿ ಹಿಡಿದ ಹುಡುಗ ಒಂದೆರಡು ಡಿಗ್ರಿ ತಪ್ಪಿದರೂ ಅನಾಹುತ. ಗಂಟೆಗಟ್ಟಲೆ ಹೀಗೆ ಓಡಬೇಕು. ಆ ಹೊತ್ತಿನಲ್ಲಿ ಶತ್ರು ಬಂದರೆ ಎರಡೂ ಹಡಗುಗಳು ತಟ್ಟನೆ ತಿರುಗಲಾರವು. ಅದಕ್ಕೇ ಹಗ್ಗದ ಬಳಿ ಕೊಡಲಿ ಸಿದ್ಧವಾಗಿರುತ್ತದೆ, ಬೇಕಾದರೆ ಕಡಿದು ಬೇರಾಗಲಿಕ್ಕೆ. ಯುದ್ಧನೌಕೆಯ ಡೆಕ್ಕಿನ ಮೇಲೆ ನಿಂತು ಆ ಹೋಸು ಎಣ್ಣೆಯ ಬಿರುಸಿಗೆ ಅದುರುವುದನ್ನು ನೋಡುವಾಗ ಒಂದು ಮಾತು ನನ್ನ ಮೈಗೆ ತಿಳಿಯಿತು. ಇಲ್ಲಿಂದ ಮುಂದೆ ಈ ಹಡಗು ಏನೇ ಮಾಡಲಿ, ಅದು ಈ ಹೋಸಿನಲ್ಲಿ ಹರಿದುಹೋದದ್ದರ ಬಲದಿಂದ. ಕೇಳಿದ್ದು ನಾನು, ಪಡೆದುಕೊಂಡು ರುಜು ಹಾಕುವವನೂ ನಾನು.

1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ನಡೆದ ದಾಳಿ ಎಲ್ಲರಿಗೂ ಗೊತ್ತು. ಆ ದಿನವನ್ನೇ ನೌಕಾದಿನವೆಂದು ಆಚರಿಸುತ್ತೇವೆ. ನಿಪಾತ್, ನಿರ್ಘಾತ್, ವೀರ್ ಎಂಬ ಆ ಕ್ಷಿಪಣಿ ದೋಣಿಗಳು ಸಣ್ಣವು, ಇಂಧನ ಹೊತ್ತು ಬಹುದೂರ ಹೋಗಲಾರದವು. ಜೊತೆಗೆ ಪೋಷಕ್ ಎಂಬ ಟ್ಯಾಂಕರ್ ಹೋಗಿತ್ತು ಎಂಬುದು ನಮ್ಮ ಶಾಖೆಯವರಿಗೆ ಮಾತ್ರ ನೆನಪಿರುವ ಸಂಗತಿ. ಆ ರಾತ್ರಿ ಮುಳುಗಿದ್ದು ಯುದ್ಧನೌಕೆಗಳು ಮಾತ್ರವಲ್ಲ, ವೀನಸ್ ಚಾಲೆಂಜರ್ ಎಂಬ ಸರಕು ಹಡಗೂ ಮುಳುಗಿತು. ಅದು ಮದ್ದುಗುಂಡು ಹೊತ್ತು ಬರುತ್ತಿತ್ತೆಂದು ನಮ್ಮ ಕಡೆಯ ಇತಿಹಾಸ ಹೇಳುತ್ತದೆ. ನಾಲ್ಕು ದಿನ ಕಳೆದು ನಡೆದ ಎರಡನೆಯ ದಾಳಿಯಲ್ಲಿ ಪೆಟ್ಟು ತಿಂದದ್ದು ಪಾಕಿಸ್ತಾನದ ಢಾಕಾ ಎಂಬ ಟ್ಯಾಂಕರ್. ಸರಬರಾಜು ಮಾಡುವವನು ಯುದ್ಧದ ಹೊರಗಿನವನು ಎಂದು ಯಾವ ಶತ್ರುವೂ ಎಣಿಸುವುದಿಲ್ಲ. ಹಾಗೆ ಎಣಿಸುವವರು ನಾವೇ, ರಾತ್ರಿ ನಿದ್ದೆ ಬರಲಿ ಎಂದು.

ಕಡಲಿನ ಮಾತೇ ಬೇಡ. ನಮ್ಮೂರ ಕೆರೆಯನ್ನೇ ನೋಡಿ. ಎರಡು ಬಂಡೆಗುಡ್ಡಗಳ ನಡುವಿನ ಕಣಿವೆಗೆ ಅಡ್ಡಲಾಗಿ ಕಟ್ಟಿದ ಏರಿ. ರಾಮಾನುಜಾಚಾರ್ಯರು ಕಟ್ಟಿಸಿದ್ದೆಂದು, ತಿರುಮಲಸಾಗರವೆಂದು ಹೆಸರಿಟ್ಟರೆಂದು ಪ್ರತೀತಿ. 1746ರಲ್ಲಿ ಇಲ್ಲಿಗೆ ಬಂದ ನಿಜಾಮನ ಮಗ ನಾಸಿರ್ ಜಂಗ್ ತಿಳಿನೀರನ್ನು ಕಂಡು ಮೋತಿ ತಲಾಬ್ ಎಂದು ಕರೆದ. ಮುಂದೆ ಶತ್ರುಸೈನ್ಯಕ್ಕೆ ನೀರು ದಕ್ಕಬಾರದೆಂದು ಟಿಪ್ಪು ಸುಲ್ತಾನ್ ಇದೇ ಏರಿಯನ್ನು ಒಡೆಸಿದ ಎಂದು ಮೈಸೂರು ಗ್ಯಾಜೆಟಿಯರ್ ಬರೆದಿದೆ. ರಾಜನೀತಿಯ ದೃಷ್ಟಿಯಲ್ಲಿ ತಪ್ಪೆನ್ನಲಾರೆ. ಶತ್ರುವಿನ ಸರಬರಾಜು ಕಡಿಯುವುದನ್ನು ನಮಗೂ ಕಲಿಸಿದ್ದಾರೆ. ಆದರೆ ಆ ನೀರನ್ನು ನಂಬಿ ಗದ್ದೆಗೆ ಪೈರು ಹಾಕಿದ್ದವರು ನಮ್ಮ ಹಿಂದಿನವರು. ಅವರು ಯಾರ ಮೇಲೂ ಕತ್ತಿ ಎತ್ತಿರಲಿಲ್ಲ. ಆಚಾರ್ಯರು ಕಟ್ಟಿಸಿದಾಗ ಪುಣ್ಯತೀರ್ಥವಾಗಿದ್ದ ನೀರು, ದಂಡು ಬಂದ ದಿನ ಆಯುಧವಾಯಿತು. ನೀರು ಬದಲಾಗಿರಲಿಲ್ಲ.

ಅದೇ ಕಾಲದ ಇನ್ನೊಂದು ಸಂಗತಿ ನಮ್ಮ ಸೀಮೆಯ ಮಕ್ಕಳಿಗೆಲ್ಲ ಗೊತ್ತಿರಬೇಕಾದದ್ದು. 1791ರ ಮೇ ತಿಂಗಳಲ್ಲಿ ಇಂಗ್ಲಿಷರ ದಂಡು ನಡೆಸಿದ ಕಾರ್ನ್‌ವಾಲಿಸ್ ಅರಕೆರೆಯ ಬಳಿ ಟಿಪ್ಪುವಿನ ಸೈನ್ಯವನ್ನು ಹಿಮ್ಮೆಟ್ಟಿಸಿ ಶ್ರೀರಂಗಪಟ್ಟಣದ ಹೊಸ್ತಿಲಿಗೆ ಬಂದಿದ್ದ. ಗೆದ್ದವನಾದರೂ ಕೋಟೆ ಮುಟ್ಟಲಾಗಲಿಲ್ಲ. ಸುತ್ತಲಿನ ಸೀಮೆಯಲ್ಲಿ ಮೇವಿಲ್ಲದಂತೆ ಟಿಪ್ಪು ಮಾಡಿಸಿದ್ದ. ಮಳೆ ಹಿಡಿಯಿತು, ಎತ್ತುಗಳು ಸಾಲುಸಾಲಾಗಿ ಸತ್ತವು, ದಂಡಿನಲ್ಲಿ ಅಕ್ಕಿ ಮುಗಿಯಿತು, ಸಿಡುಬು ಹರಡಿತು. ಎಳೆಯಲು ಎತ್ತಿಲ್ಲದ ಮುತ್ತಿಗೆಯ ದೊಡ್ಡ ಫಿರಂಗಿಗಳನ್ನು ಕನ್ನಂಬಾಡಿಯ ಬಳಿ ತಾವೇ ಒಡೆದುಹಾಕಿ ಹಿಂದಕ್ಕೆ ಹೊರಟರು. ಹೊರಟ ಕೆಲವೇ ಹೊತ್ತಿಗೆ ಮೇಲುಕೋಟೆಯ ದಿಕ್ಕಿನಿಂದ, ಇಂಗ್ಲಿಷರ ಜೊತೆ ಸೇರಿದ್ದ ಮರಾಠರ ಸವಾರರು ಎದುರಾದರು. ಅವರ ಹಿಂದೆ ದವಸಧಾನ್ಯ ತುಂಬಿದ ಇಡೀ ಬಜಾರು! ಅವರು ಬರುವ ಸುದ್ದಿ ಹೊತ್ತ ದೂತರನ್ನು ಟಿಪ್ಪುವಿನ ಸವಾರರು ದಾರಿಯಲ್ಲೇ ತಡೆದಿದ್ದರಿಂದ ಇವರಿಗೆ ಏನೂ ತಿಳಿದಿರಲಿಲ್ಲ. ಕೆಲವು ದಿನ ಮೊದಲೇ ಆ ಧಾನ್ಯ ತಲುಪಿದ್ದರೆ ಮೈಸೂರಿನ ಚರಿತ್ರೆ ಬೇರೆಯಾಗುತ್ತಿತ್ತು. ಎಷ್ಟು ಸಾವು ಕಡಿಮೆಯಾಯಿತೋ, ಎಷ್ಟು ಮುಂದಕ್ಕೆ ಹೋಯಿತೋ. ಮರುವರ್ಷ ಫೆಬ್ರವರಿಯಲ್ಲಿ ಇಂಗ್ಲಿಷರು ಎಲ್ಲ ಸಿದ್ಧತೆಯೊಡನೆ ಮತ್ತೆ ಬಂದರು. ಬದುಕು ಸಾವುಗಳ ಹಗ್ಗ ಅಲ್ಲಿ ಧಾನ್ಯದ ಮೂಟೆ ಹೊತ್ತ ಎತ್ತಿನ ಕೊರಳಲ್ಲಿತ್ತು. (ಇದೇ ಟಿಪ್ಪು 1796ರಲ್ಲಿ 40 ಹಡಗುಗಳ ನೌಕಾಪಡೆ ಕಟ್ಟಲು ಹುಕುಂ ಹೊರಡಿಸಿದಾಗ ಅದರ ಆಡಳಿತ ಮಂಡಲಿಯನ್ನು ಕಡಲಿನಿಂದ ಇಷ್ಟು ದೂರದ ಶ್ರೀರಂಗಪಟ್ಟಣದಲ್ಲೇ ಇರಿಸಿದ. ಹಡಗು ನಡೆಯುವುದು ನೆಲದ ಮೇಲಿನ ಉಗ್ರಾಣದಿಂದ ಎಂಬುದು ಅವನಿಗೆ ತಿಳಿದಿತ್ತು.)

ಮಹಾಭಾರತದಲ್ಲಿ ಶಲ್ಯನ ಪ್ರಸಂಗ ನನಗೆ ಗೀತೆಗಿಂತ ಹೆಚ್ಚು ಹತ್ತಿರ. ಪಾಂಡವರ ಕಡೆ ಸೇರಲು ಹೊರಟ ಮದ್ರರಾಜನ ದಾರಿಯುದ್ದಕ್ಕೂ ದುರ್ಯೋಧನ ಚಪ್ಪರ ಹಾಕಿಸಿ, ಅನ್ನ ನೀರು ಸಿದ್ಧಮಾಡಿಸಿದ. ಯಾರು ಮಾಡಿಸಿದ್ದೆಂದು ಮಾತ್ರ ಹೇಳಿಸಲಿಲ್ಲ. ಯುಧಿಷ್ಠಿರನ ಏರ್ಪಾಡೆಂದೇ ಶಲ್ಯ ತಿಳಿದ, ಉಂಡು ತಣಿದು ವರ ಕೊಡುತ್ತೇನೆಂದ. ದುರ್ಯೋಧನ ಎದುರಿಗೆ ಬಂದು ಅವನನ್ನೇ ಕೇಳಿಕೊಂಡ. ನಕುಲ ಸಹದೇವರ ಸೋದರಮಾವ ಕೊನೆಗೆ ಕೌರವರ ಸೇನಾಪತಿಯಾಗಿ ಸತ್ತ. ಇದಕ್ಕಿಂತ ಸಮರ್ಥವಾದ ಸರಬರಾಜನ್ನು ನಾನು ಯಾವ ಯುದ್ಧದಲ್ಲೂ ಓದಿಲ್ಲ; ಇದಕ್ಕಿಂತ ಅಧರ್ಮದ್ದನ್ನೂ ಕಾಣೆ. ಆ ಅಡಿಗೆಯವರು ಹಸಿದವರಿಗೆ ಬಡಿಸಿದರು. ಬಡಿಸುವುದು ಪುಣ್ಯದ ಕೆಲಸವೇ. ಆದರೆ ಯಾರ ಹೆಸರಿನಲ್ಲಿ ಬಡಿಸುತ್ತಿದ್ದೇವೆಂಬುದನ್ನು ಮುಚ್ಚಿಟ್ಟು ಬಡಿಸಿದರು. ನನ್ನ ಲೆಕ್ಕದಲ್ಲಿ ಅವರ ಪಾಪ ಅಲ್ಲಿದೆ.

ನಮ್ಮ ಕಡೆಯ ಶ್ರೀವೈಷ್ಣವ ಹಿರಿಯರು ಇದಕ್ಕೆ ಬೇರೆ ದಾರಿ ತೋರಿಸುತ್ತಾರೆ. ಕೆಲಸ ಶುರುಮಾಡುವ ಮೊದಲೇ ‘ಮಾಡುವವನು ನಾನಲ್ಲ, ಇದರ ಫಲ ನನ್ನದಲ್ಲ, ಇದು ನನ್ನದೇ ಅಲ್ಲ’ ಎಂದು ಭಗವಂತನಿಗೆ ಬಿಟ್ಟುಕೊಡುವ ಸಾತ್ತ್ವಿಕ ತ್ಯಾಗ. ಬಿಟ್ಟುಕೊಟ್ಟು ಮಾಡಿದ್ದು ಕೈಂಕರ್ಯ, ಎಂದರೆ ದೇವರ ಸೇವೆಯಾಗುತ್ತದೆ. ಈ ಮಾತಿನಿಂದ ನನಗೆ ಬಲ ಸಿಕ್ಕಿದೆ, ಅದನ್ನು ಮರೆಯಲಾರೆ. ಪದಕ ಬರುವುದು ಹಡಗು ನಡೆಸಿದವನಿಗೆ. ಗೋಡೌನಿನಲ್ಲಿ ಬೆವರು ಸುರಿಸಿದವನಿಗೆ ಕೈಂಕರ್ಯದ ಭಾವವಿಲ್ಲದಿದ್ದರೆ ಮನಸ್ಸು ಕಹಿಯಾಗುತ್ತದೆ. ಆದರೆ ಇದೇ ಮಾತಿನ ಹಿಂದೆ ಅಡಗಿ ಕೂರುವುದನ್ನೂ ಕಂಡಿದ್ದೇನೆ. ‘ಮೇಲಿನವರ ಆರ್ಡರ್, ನಾನು ಬರೇ ಸಹಿ’ ಎನ್ನುವ ಗುಮಾಸ್ತನೂ ಕರ್ತೃತ್ವವನ್ನು ಬಿಟ್ಟವನೇ, ಆದರೆ ಅವನು ಬಿಟ್ಟದ್ದು ದೇವರ ಪಾದಕ್ಕಲ್ಲ. ಫಲವನ್ನು ಬಿಡಬೇಕು, ಹೊಣೆಯನ್ನು ಬಿಡಬಾರದು. ಆಚಾರ್ಯರ ಮಾತಿಗೆ ಈ ಅರ್ಥ ಹೊಂದುತ್ತದೋ ಇಲ್ಲವೋ ಪಂಡಿತರು ಹೇಳಲಿ. ನನ್ನ ಅನುಭವಕ್ಕೆ ಹೊಂದುವುದು ಇದೇ.

ಫಲ ಬಿಡುವುದು, ಹೊಣೆ ಹೊರುವುದು ಎರಡನ್ನೂ ಒಟ್ಟಿಗೆ ಕಾಣಬೇಕೆಂದರೆ ದೇವರ ವೈರಮುಡಿ ಕಿರೀಟ ಮೇಲುಕೋಟೆಗೆ ಬರುವ ದಿನ ನೋಡಬೇಕು. ಕಿರೀಟ ವರ್ಷವಿಡೀ ಇರುವುದು ಮಂಡ್ಯದ ಜಿಲ್ಲಾ ಖಜಾನೆಯಲ್ಲಿ. ಅಲ್ಲಿ ಪೂಜೆಯಾಗಿ, ಅಧಿಕಾರಿಗಳ ಎದುರು ಪೆಟ್ಟಿಗೆ ಹೊರಬರುತ್ತದೆ. ಪೊಲೀಸರ ಬಿಗಿ ಕಾವಲಿನಲ್ಲಿ ಊರೂರಿನ ಆರತಿ ಪಡೆಯುತ್ತ ಬೆಟ್ಟ ಏರುತ್ತದೆ. ಮುಡಿಯುವವನು ಚೆಲುವನಾರಾಯಣ, ನೋಡಿ ಕಣ್ಣು ತುಂಬಿಕೊಳ್ಳುವವರು ಲಕ್ಷಾಂತರ ಜನ. ಖಜಾನೆಯವರಿಗೂ ಕಾವಲಿನವರಿಗೂ ಅದರಲ್ಲಿ ತಮ್ಮದೆಂಬುದು ಏನೂ ಇಲ್ಲ. ಹಾಗೆಂದು ಅವರಲ್ಲಿ ಯಾರೂ ‘ದೇವರದ್ದು, ದೇವರೇ ನೋಡಿಕೊಳ್ಳಲಿ’ ಎನ್ನುವುದಿಲ್ಲ. ಪರಿಶೀಲಿಸಿ ಒಪ್ಪಿಸುತ್ತಾರೆ, ಪರಿಶೀಲಿಸಿ ಹಿಂದಕ್ಕೆ ಪಡೆಯುತ್ತಾರೆ. ನನ್ನ ವೃತ್ತಿಯ ಧರ್ಮ ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಂಡಿಲ್ಲ.

ಪಾಪದ ಪಾಲು ಒಪ್ಪಿಕೊಂಡವನಿಗೆ ಪುಣ್ಯದ ಪಾಲನ್ನೂ ಕೇಳುವ ಹಕ್ಕಿದೆ. 2014ರ ಡಿಸೆಂಬರ್ 4ರಂದು ಮಾಲ್ಡೀವ್ಸ್‌ನ ರಾಜಧಾನಿ ಮಾಲೆಯಲ್ಲಿ ಕಡಲ ನೀರನ್ನು ಸಿಹಿ ಮಾಡುವ ಘಟಕಕ್ಕೆ ಬೆಂಕಿ ಬಿದ್ದು, ಇಡೀ ನಗರಕ್ಕೆ ಕುಡಿಯಲು ನೀರಿಲ್ಲದಾಯಿತು. ಮರುದಿನವೇ ಐಎನ್‌ಎಸ್ ಸುಕನ್ಯಾ 35 ಟನ್ ನೀರು ಹೊತ್ತು ತಲುಪಿತು. ಅದರ ಬೆನ್ನಿಗೇ ಹೋದ ದೀಪಕ್ ಸುಮಾರು 900 ಟನ್ ನೀರು ಒಯ್ದಿತು. ಅದೇ ಟ್ಯಾಂಕರ್, ಯುದ್ಧನೌಕೆಗೆ ಎಣ್ಣೆ ಕೊಡುವ ಹಡಗು. ಆಗ ನಾನು ಸೇವೆಯಲ್ಲಿರಲಿಲ್ಲ. ಟಿವಿಯಲ್ಲಿ ಆ ಸುದ್ದಿ ನೋಡುತ್ತ ಅತ್ತದ್ದು ನಿಜ. ಕೆರೆಯ ಏರಿ ಒಡೆಸಿದ್ದೂ ಸರಬರಾಜಿನ ಲೆಕ್ಕಾಚಾರವೇ, ಮಾಲೆಗೆ ನೀರು ಮುಟ್ಟಿಸಿದ್ದೂ ಅದೇ.

ಲೆಕ್ಕದಲ್ಲಿ ಇನ್ನೊಂದು ಸಾಲು ಬರೆಯದೆ ಬಿಟ್ಟರೆ ತಪ್ಪಾಗುತ್ತದೆ. ಕಾರವಾರದ ಸೀಬರ್ಡ್ ನೌಕಾನೆಲೆ ಯೋಜನೆಗೆ 1986ರಲ್ಲಿ ಅಡಿಗಲ್ಲು ಬಿತ್ತು, 2005ರಲ್ಲಿ ಐಎನ್‌ಎಸ್ ಕದಂಬ ಸೇವೆಗೆ ಬಂತು. ದೇಶಕ್ಕೆ ಅದು ಬೇಕಾದ ನೆಲೆ, ನಾನು ಮನಃಪೂರ್ವಕ ಒಪ್ಪುತ್ತೇನೆ. ಆದರೆ ಆ ನೆಲ, ಆ ಮೀನುಗಾರಿಕೆಯ ದಡ ಕಾರವಾರ ಅಂಕೋಲೆಗಳ ಸಾವಿರಾರು ಕುಟುಂಬಗಳು ಬಿಟ್ಟುಕೊಟ್ಟದ್ದು. ಪರಿಹಾರಕ್ಕಾಗಿ ಅವರು ವರ್ಷಗಟ್ಟಲೆ ಕೋರ್ಟು ಕಚೇರಿ ಅಲೆದರು. ನೌಕಾಪಡೆಗೆ ಅತಿ ದೊಡ್ಡ ಸರಬರಾಜು ಮಾಡಿದವರು ಅವರು. ಅವರ ಋಣ ಯಾವ ಸ್ಟೋರ್ ಲೆಡ್ಜರಿನಲ್ಲೂ ಇಲ್ಲ, ಇರಬೇಕಿತ್ತು.

ಆದ್ದರಿಂದ ಮಾವನಿಗೆ ನನ್ನ ಉತ್ತರ ಇದು: ಗುಂಡು ಹೊಡೆದವನ ಪಾಪದಲ್ಲಿ ನನಗೆ ಪಾಲಿದೆ, ಅವನ ಪುಣ್ಯದಲ್ಲೂ ಇದೆ, ಎರಡನ್ನೂ ಬೇಡ ಎನ್ನುವುದಿಲ್ಲ. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಾಲೇಜುಗಳ ಹುಡುಗರೂ ಹುಡುಗಿಯರೂ ಈಗ ನೌಕಾಪಡೆಯ ಪರೀಕ್ಷೆಗೆ ಓದುತ್ತಿದ್ದಾರೆ. 1992ರಲ್ಲಿ ಮಹಿಳೆಯರನ್ನು ಅಧಿಕಾರಿಗಳಾಗಿ ತೆಗೆದುಕೊಂಡ ಮೊದಲ ಕೆಲವು ಶಾಖೆಗಳಲ್ಲಿ ನಮ್ಮದೂ ಒಂದು. ಲಾಜಿಸ್ಟಿಕ್ಸ್ ಸಿಕ್ಕಿತೆಂದು ಸಪ್ಪೆ ಮುಖ ಮಾಡಬೇಡಿ, ಸಂತೋಷದಿಂದ ಹೋಗಿ. ನಿಮ್ಮ ಮುಂದೆ ಬರುವ ಪ್ರತಿ ವೋಚರನ್ನೂ ಓದಿ, ಸಾಮಾನು ಎಲ್ಲಿಗೆ, ಯಾತಕ್ಕೆ ಹೋಗುತ್ತಿದೆ ಎಂದು ಕೇಳಿ ತಿಳಿದು, ಆಮೇಲೆ ಸಹಿ ಹಾಕಿ.